ಹುಲ್ಲಿಗೂ ಒಂದು ಬಾಯಿ ಬೇಕು

ಮುಳ್ಳುತಂತಿಯ ಬೇಲಿಗೆ ಒಂದು ಹಿಡಿ ಕೂದಲು ಸಿಕ್ಕಿಕೊಂಡಿತ್ತು. ಕಡು ಕಂದು ಬಣ್ಣ. ಗಾಳಿಗೆ ಅಲ್ಲಾಡುತ್ತಿತ್ತು. ಅಪ್ಪ ಅದನ್ನು ನಿಧಾನಕ್ಕೆ ಬಿಡಿಸಿ ಅಂಗೈ ಮೇಲಿಟ್ಟುಕೊಂಡರು. ಎರಡು ಬೆರಳಲ್ಲಿ ಹೊಸೆದು ನೋಡಿದರು. ಆಮೇಲೆ ಮೂಗಿಗೆ ಹಿಡಿದರು.

"ಕಂಬಳಿ ವಾಸನೆ ಕಣೋ. ಮಳೇಲಿ ನೆಂದ ಕಂಬಳಿ."

ನಾವಿದ್ದದ್ದು ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ, ಸ್ಟ್ರಾಂಗ್ ಸಿಟಿ ಅನ್ನುವ ಪುಟ್ಟ ಊರಿನ ಪಕ್ಕ. ಅದನ್ನು ದಾಟಿ ಎರಡು ಮೈಲಿ ಹೋದರೆ ಟಾಲ್‌ಗ್ರಾಸ್ ಪ್ರೇರಿ ನ್ಯಾಷನಲ್ ಪ್ರಿಸರ್ವ್ ಅನ್ನುವ ಸಂರಕ್ಷಿತ ಹುಲ್ಲುಗಾವಲು. ನಾನಿರುವ ವಿಚಿಟಾದಿಂದ ಒಂದೂಕಾಲು ಗಂಟೆಯ ದಾರಿ. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ವರ್ಷಕ್ಕೆ ಮೂರ್ನಾಲ್ಕು ಸಲ ಅಲ್ಲಿಗೆ ಹೋಗದಿದ್ದರೆ ನನಗೆ ಸಮಾಧಾನ ಇರುವುದಿಲ್ಲ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಅಪ್ಪ ಬಂದಿದ್ದರು. ಅವರನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗುವುದು ಅಂತ ಮನೆಯಲ್ಲಿ ಮಾತಾಯಿತು. ನಯಾಗರಾ, ಚಿಕಾಗೋ ಅಂತ ಹೆಸರುಗಳು ಬಂದವು. ನಾನು ಮೊದಲು ಬೈಸನ್ ಅನ್ನುವ ದೊಡ್ಡ ಪ್ರಾಣಿ ಮೇಯುವ ಈ ಹುಲ್ಲಿನ ಗುಡ್ಡಗಳಿಗೇ ಕರೆದುಕೊಂಡು ಬಂದೆ.

ಅಪ್ಪ ಹುಟ್ಟಿ ಬೆಳೆದದ್ದು ಬೀರೂರು–ಅಜ್ಜಂಪುರದ ಕಡೆ, ಅಮೃತ ಮಹಲ್ ಕಾವಲಿನ ಅಂಚಿನ ಒಂದು ಊರಲ್ಲಿ. ಹದಿನೈದು ವರ್ಷ ಆಗುವವರೆಗೂ ಶಾಲೆ ಬಿಟ್ಟ ತಕ್ಷಣ ದನ ಹೊಡೆದುಕೊಂಡು ಹೋಗುವುದೇ ಅವರ ಕೆಲಸ. ಹುಲ್ಲು ಅವರಿಗೆ ಓದಲು ಬರುತ್ತದೆ. ಯಾವ ಹುಲ್ಲು ಎಷ್ಟು ಬಲಿತಿದೆ, ದನ ಮುಟ್ಟುತ್ತದೋ ಇಲ್ಲವೋ, ಇಲ್ಲಿ ಮೊನ್ನೆ ಮೇದಿದ್ದಾವೋ ಹೋದ ವಾರ ಮೇದಿದ್ದಾವೋ, ಇದೆಲ್ಲ ನಿಂತಲ್ಲೇ ಹೇಳುತ್ತಾರೆ. ಅಂಥವರು ಈ ಜಾಗ ನೋಡಿ ಏನಂತಾರೆ ಅಂತ ನನಗೆ ತಿಳಿಯಬೇಕಿತ್ತು.

ಬೇಲಿಯ ಗೇಟು ದಾಟಿ ಅರ್ಧ ಗಂಟೆ ನಡೆದಿದ್ದೆವು. ಮರ ಅನ್ನುವುದು ದೂರದ ಹಳ್ಳದ ಸಾಲಲ್ಲಿ ಮಾತ್ರ. ಉಳಿದದ್ದೆಲ್ಲ ಹುಲ್ಲು, ಅದರ ಮೇಲೆ ಆಕಾಶ. ಗುಡ್ಡದ ನೆತ್ತಿಗೆ ಬಂದಾಗ ಕೆಳಗಿನ ತಪ್ಪಲಲ್ಲಿ ಬೈಸನ್‌ಗಳು ಕಂಡವು. ಮೂವತ್ತು, ನಲವತ್ತು ಇರಬಹುದು. ಚಳಿಗಾಲದ ತುಪ್ಪಳ ಕಳಚುವ ಕಾಲ ಅದು. ಮೈಮೇಲೆಲ್ಲ ಹರಿದ ಕಂಬಳಿ ನೇತುಬಿದ್ದ ಹಾಗೆ. ಮಧ್ಯೆ ಇಟ್ಟಿಗೆ ಬಣ್ಣದ ಕರುಗಳು, ತಾಯಂದಿರ ಸುತ್ತ ಚಂಗನೆ ನೆಗೆಯುತ್ತಿದ್ದವು.

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು.

"ಕಾಟಿನಾ?"

ಅಲ್ಲ, ಆದರೆ ಹತ್ತಿರದ ನೆಂಟ. ನಮ್ಮ ಕಾಟಿಯನ್ನು, ಅಂದರೆ ಕಾಡುಕೋಣವನ್ನು, ಬ್ರಿಟಿಷರು ಇಂಡಿಯನ್ ಬೈಸನ್ ಅಂತ ಕರೆದರು. ಆ ಹೆಸರು ಮಲೆನಾಡಿನ ಎಸ್ಟೇಟುಗಳಲ್ಲಿ, ಪೇಪರುಗಳಲ್ಲಿ ಇವತ್ತಿಗೂ ಉಳಿದಿದೆ. ಕಾಟಿ ಕಾಡಿನ ಪ್ರಾಣಿ. ಮೈ ನುಣುಪು, ಕಾಲಿಗೆ ಬಿಳಿ ಸಾಕ್ಸ್ ಹಾಕಿದ ಹಾಗೆ. ಅಮೆರಿಕದ ಬೈಸನ್ ಬಯಲಿನ ಪ್ರಾಣಿ. ಭುಜದ ಮೇಲೆ ದೊಡ್ಡ ಗೂನು, ತಲೆ ತೀರಾ ಕೆಳಗೆ, ಗಲ್ಲದಡಿ ಗಡ್ಡ. ಹೋರಿಯಾದರೆ 900 ಕಿಲೋವರೆಗೂ ತೂಗುತ್ತದೆ. ಆ ಗೂನಿನೊಳಗಿರುವುದು ಮಾಂಸಖಂಡ, ಅದನ್ನು ಹಿಡಿದಿಡುವ ಉದ್ದದ ಮೂಳೆಗಳು. ಚಳಿಗಾಲದಲ್ಲಿ ಮಂಡಿಮಟ್ಟ ಹಿಮ ಬಿದ್ದಾಗ ಬೈಸನ್ ತಲೆಯನ್ನೇ ಸಲಿಕೆ ಮಾಡಿಕೊಂಡು ಎಡಕ್ಕೆ ಬಲಕ್ಕೆ ಬೀಸುತ್ತದೆ, ಅಡಿಯ ಒಣಹುಲ್ಲು ಸಿಗುವವರೆಗೂ ಹಿಮ ತಳ್ಳುತ್ತದೆ. ಆ ತಲೆಯನ್ನು ಬೀಸಲು ಬೇಕಾದ ಕಸುವೆಲ್ಲ ಆ ಗೂನಿನಲ್ಲಿದೆ.

ಇದನ್ನು ಹೇಳಿದಾಗ ಅಪ್ಪ ತಲೆಯಾಡಿಸಿದರು. "ಅಂದ್ರೆ ಇದಕ್ಕೆ ಯಾರೂ ಮೇವು ಹಾಕಬೇಕಿಲ್ಲ" ಅಂದರು. ಅವರಿಗೆ ಅಷ್ಟು ಸಾಕಾಯಿತು.

ಈ ದನಗಳ ವಂಶಾವಳಿ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಬಿಳಿಯರು ಬರುವ ಮುಂಚೆ ಉತ್ತರ ಅಮೆರಿಕದಲ್ಲಿ 3ರಿಂದ 6 ಕೋಟಿ ಬೈಸನ್ ಇದ್ದವು ಅಂತ ಅಂದಾಜು. 1870ರ ದಶಕದಲ್ಲಿ ರೈಲು ಬಯಲಿನೊಳಗೆ ನುಗ್ಗಿತು. ಅದೇ ಹೊತ್ತಿಗೆ ಬೈಸನ್ ತೊಗಲು ಹದ ಮಾಡಿ ಯಂತ್ರದ ಬೆಲ್ಟಿಗೆ ಬಳಸುವ ದಾರಿ ಸಿಕ್ಕಿತು. ತೊಗಲಿಗೋಸ್ಕರ ಹೊಡೆದರು. ಮಾಂಸವನ್ನು ಅಲ್ಲೇ ಕೊಳೆಯಲು ಬಿಟ್ಟರು. ಬಯಲಿನ ಮೂಲನಿವಾಸಿಗಳ ಊಟ, ಬಟ್ಟೆ, ಗುಡಾರ ಎಲ್ಲವೂ ಬೈಸನ್. ಅದನ್ನು ಮುಗಿಸಿದರೆ ಆ ಜನ ತಾವಾಗಿ ಸೋಲುತ್ತಾರೆ ಅಂತ ಸೈನ್ಯದವರಿಗೆ ಚೆನ್ನಾಗಿ ಗೊತ್ತಿತ್ತು. 1874ರಲ್ಲಿ ಬೈಸನ್ ಉಳಿಸುವ ಮಸೂದೆಯೊಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಪಾಸಾಯಿತು. ಅಧ್ಯಕ್ಷ ಗ್ರಾಂಟ್ ಸಹಿ ಹಾಕಲಿಲ್ಲ. ಕೊನೆಗೆ ಬಯಲಲ್ಲಿ ಉಳಿದ ಮೂಳೆಗಳನ್ನೂ ಆಯ್ದು, ರೈಲಿನ ಪಕ್ಕ ಮನೆಯೆತ್ತರ ರಾಶಿ ಹಾಕಿ, ಗೊಬ್ಬರಕ್ಕೆ ಮಾರಿದರು. 1889ರಲ್ಲಿ ವಿಲಿಯಂ ಹಾರ್ನಡೇ ಎಂಬಾತ ಲೆಕ್ಕ ಹಾಕಿದಾಗ ಕಾಡಲ್ಲಿ, ದೊಡ್ಡಿಯಲ್ಲಿ, ಮೃಗಾಲಯದಲ್ಲಿ ಎಲ್ಲ ಸೇರಿಸಿದರೂ ಸಿಕ್ಕಿದ್ದು 1,091.

ಇದೇ ಹಾರ್ನಡೇ 1905ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಅಮೆರಿಕನ್ ಬೈಸನ್ ಸೊಸೈಟಿ ಕಟ್ಟಿದರು. 1913ರಲ್ಲಿ ಆ ಮೃಗಾಲಯದಿಂದ 14 ಬೈಸನ್ ರೈಲು ಹತ್ತಿ ದಕ್ಷಿಣ ಡಕೋಟಾದ ವಿಂಡ್ ಕೇವ್ ಅನ್ನುವ ಕಡೆಗೆ ಹೋದವು. ಮೂರು ವರ್ಷದ ನಂತರ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ ಇನ್ನು ಆರು ಬಂದು ಸೇರಿದವು. ಅಲ್ಲಿ ಅವು ಮರಿ ಹಾಕಿ ಬೆಳೆದವು. 2009ರ ಅಕ್ಟೋಬರಿನಲ್ಲಿ ಆ ವಿಂಡ್ ಕೇವ್ ಹಿಂಡಿನಿಂದ 13 ಬೈಸನ್‌ಗಳನ್ನು ಕಾನ್ಸಾಸ್‌ನ ಈ ಗುಡ್ಡಗಳಿಗೆ ತಂದು ಬಿಟ್ಟರು. ಈಗ ಇಲ್ಲಿರುವುದು ಸುಮಾರು ನೂರು. ಹುಲ್ಲಿನಿಂದ ಹೊರಬಿದ್ದ ಪ್ರಾಣಿ ಮಹಾನಗರದ ಪಂಜರ ಸುತ್ತಿ, ರೈಲು ಹತ್ತಿ, ನೂರು ವರ್ಷ ಕಳೆದು ಮತ್ತೆ ಹುಲ್ಲಿಗೆ ಬಂದು ಬಾಯಿ ಹಾಕಿದೆ. ಅಪ್ಪನ ಅಂಗೈಯಲ್ಲಿದ್ದ ಕೂದಲು ಇಷ್ಟೆಲ್ಲ ದಾರಿ ಬಂದಿತ್ತು.

ಇನ್ನು ಹುಲ್ಲಿನ ವಿಷಯ. ನಾನು ಬರೆಯಲು ಕೂತದ್ದೇ ಇದಕ್ಕೆ.

ಟಾಲ್‌ಗ್ರಾಸ್ ಪ್ರೇರಿ ಅಂದರೆ ಎತ್ತರದ ಹುಲ್ಲಿನ ಬಯಲು. ಒಂದು ಕಾಲಕ್ಕೆ ಇದು 17 ಕೋಟಿ ಎಕರೆ ಹಬ್ಬಿತ್ತು. ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ. ಉಳಿದದ್ದೆಲ್ಲ ಮೆಕ್ಕೆಜೋಳ, ಸೋಯಾ ಹೊಲವಾಯಿತು. ಕಪ್ಪು ಮಣ್ಣು, ಒಳ್ಳೆ ಫಸಲು, ಯಾರು ಬಿಡುತ್ತಾರೆ? ಇಲ್ಲಿ ಮಾತ್ರ ಉಳಿಯಿತು. ಯಾಕೆಂದರೆ ಒಂದು ಗೇಣು ಮಣ್ಣಿನ ಕೆಳಗೆ ಸುಣ್ಣಕಲ್ಲು, ಅದರೊಳಗೆ ಚಕಮಕಿ ಕಲ್ಲು. ನೇಗಿಲು ಇಳಿಯಲಿಲ್ಲ. ಈ ಕಲ್ಲಿನಿಂದಲೇ ಇದಕ್ಕೆ ಫ್ಲಿಂಟ್ ಹಿಲ್ಸ್ ಅಂತ ಹೆಸರು. ಕಲ್ಲು ಹುಲ್ಲನ್ನು ಕಾದಿದೆ.

ಇಲ್ಲಿನ ಮುಖ್ಯ ಹುಲ್ಲಿನ ಹೆಸರು ಬಿಗ್ ಬ್ಲೂಸ್ಟೆಮ್. ತೆನೆ ಮೂರು ಕವಲಾಗಿ ಒಡೆಯುತ್ತದೆ, ಕೋಳಿ ಕಾಲಿನ ಹಾಗೆ. ಒಳ್ಳೆ ಮಳೆಯಾದ ವರ್ಷ ಸೆಪ್ಟೆಂಬರಿನಲ್ಲಿ ನನ್ನ ತಲೆಗಿಂತ ಮೇಲೆ ಹೋಗುತ್ತದೆ. ಬೇರು ಎರಡು ಮೂರು ಮೀಟರ್ ಆಳ. ಈ ಹುಲ್ಲು ಕಣ್ಣಿಗೆ ಕಾಣುವುದಕ್ಕಿಂತ ಜಾಸ್ತಿ ನೆಲದೊಳಗಿದೆ. ಹಾಗಾಗಿ ಮೇಲೆ ಬೆಂಕಿ ಬಿದ್ದರೂ, ಹಲ್ಲು ಬಿದ್ದರೂ, ಬರ ಬಿದ್ದರೂ ಅದು ಮತ್ತೆ ಚಿಗುರುತ್ತದೆ.

ಆದರೆ ಸುಮ್ನೆ ಬಿಟ್ಟರೆ ಏನಾಗುತ್ತದೆ? ನಾನು ಮೊದಲು ಅಂದುಕೊಂಡಿದ್ದೆ, ಬೇಲಿ ಹಾಕಿ ಯಾರೂ ಮುಟ್ಟದ ಹಾಗೆ ಕಾಪಾಡಿದರೆ ಹುಲ್ಲುಗಾವಲು ಚೆನ್ನಾಗಿರುತ್ತದೆ ಅಂತ. ಅದು ತಪ್ಪು. ಎತ್ತರದ ಹುಲ್ಲು ನಾಲ್ಕೈದು ಬಗೆಯವು ಮಾತ್ರ ಮೇಲೇಳುತ್ತವೆ. ಹಳೆಯ ಒಣಹುಲ್ಲು ಚಾಪೆ ಹಾಸಿದಂತೆ ನೆಲ ಮುಚ್ಚುತ್ತದೆ. ಬಿಸಿಲು ಕೆಳಗೆ ಇಳಿಯುವುದಿಲ್ಲ. ಗಿಡ್ಡ ಗಿಡಗಳು, ಹೂ ಬಿಡುವ ಸಣ್ಣಪುಟ್ಟ ಸಸ್ಯಗಳು ಒಂದೊಂದಾಗಿ ಸಾಯುತ್ತವೆ. ಅವುಗಳ ಹಿಂದೆ ದುಂಬಿ, ಜೇನು, ಚಿಟ್ಟೆ ಹೋಗುತ್ತವೆ. ಬೆಂಕಿಯೂ ಇಲ್ಲದಿದ್ದರೆ ಸೀಡರ್ ಮರಗಳು ಬರುತ್ತವೆ. ಇಪ್ಪತ್ತು ಮೂವತ್ತು ವರ್ಷದಲ್ಲಿ ಬಯಲು ಹೋಗಿ ಕುರುಚಲು ಕಾಡಾಗುತ್ತದೆ.

ಇಲ್ಲಿಂದ ಉತ್ತರಕ್ಕೆ ಮ್ಯಾನ್‌ಹಾಟನ್ ಅನ್ನುವ ಊರಿದೆ. ನ್ಯೂಯಾರ್ಕಿನದಲ್ಲ, ಕಾನ್ಸಾಸ್‌ನದು. ಅದರ ಪಕ್ಕ ಕೊನ್ಝಾ ಪ್ರೇರಿ ಅಂತ ಸಂಶೋಧನೆಯ ಜಾಗ. 1987ರಲ್ಲಿ ಅಲ್ಲಿಗೆ ಬೈಸನ್ ಬಿಟ್ಟರು. ಒಂದು ಕಡೆ ವರ್ಷಪೂರ್ತಿ ಬೈಸನ್, ಒಂದು ಕಡೆ ಬೆಳೆಯುವ ಕಾಲದಲ್ಲಿ ಮಾತ್ರ ಸಾಕಿದ ದನ, ಒಂದು ಕಡೆ ಯಾವ ದೊಡ್ಡ ಪ್ರಾಣಿಯೂ ಇಲ್ಲ. ವರ್ಷ ವರ್ಷವೂ ಕೂತು ಗಿಡ ಎಣಿಸಿದರು. ಸುಮಾರು 30 ವರ್ಷದ ಆ ಲೆಕ್ಕ 2022ರಲ್ಲಿ ಪ್ರಕಟವಾಯಿತು. ಬೈಸನ್ ಮೇದ ಕಡೆ ಅಲ್ಲಿಯ ಮೂಲ ಗಿಡಗಳ ಬಗೆ ಎರಡು ಪಟ್ಟಾಗಿತ್ತು. ದನ ಮೇದ ಕಡೆಯೂ ಹೆಚ್ಚಿತ್ತು, ಆದರೆ ಆ ಹೆಚ್ಚಳ ಬೈಸನ್ ಇದ್ದ ಕಡೆಯ ಹೆಚ್ಚಳದ ಅರ್ಧದಷ್ಟೂ ಇಲ್ಲ. 2011–12ರಲ್ಲಿ ಇಲ್ಲಿ ಕೆಟ್ಟ ಬರ ಬಂದಿತ್ತು. ಬೈಸನ್ ಇದ್ದ ಹುಲ್ಲುಗಾವಲು ಆ ಬರವನ್ನೂ ತಡೆದುಕೊಂಡಿತು. ಹೆಚ್ಚಿದ ಬಗೆಗಳು ಉಳಿದವು.

ಹೇಗೆ ಅಂತ ಕೇಳಿದರೆ, ಉತ್ತರ ಬೈಸನ್ ಬಾಯಿಯಲ್ಲಿದೆ. ಅದು ತಿನ್ನುವುದು ಹೆಚ್ಚುಕಮ್ಮಿ ಬರೀ ಹುಲ್ಲು. ಹೂಗಿಡಗಳನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಅಂದರೆ ಜೋರಾಗಿರುವ ಹುಲ್ಲನ್ನು ಹಿಡಿದು ಬಗ್ಗಿಸುತ್ತದೆ, ಬಡಪಾಯಿ ಗಿಡಗಳಿಗೆ ಬಿಸಿಲು ಬಿಡುತ್ತದೆ. ಮೇದ ಜಾಗಕ್ಕೇ ಮತ್ತೆ ಮತ್ತೆ ಬರುತ್ತದೆ, ಯಾಕೆಂದರೆ ಎಳೆ ಚಿಗುರಲ್ಲಿ ಸಾರ ಜಾಸ್ತಿ. ಒಂದು ಕಡೆ ಕ್ಷೌರ ಮಾಡಿದಂತೆ ಗಿಡ್ಡ, ಪಕ್ಕದಲ್ಲೇ ಸೊಂಟದುದ್ದ. ಗಿಡ್ಡ ಹುಲ್ಲಲ್ಲಿ ಗೂಡು ಕಟ್ಟುವ ಹಕ್ಕಿ ಬೇರೆ, ಉದ್ದ ಹುಲ್ಲಲ್ಲಿ ಅಡಗುವ ಹಕ್ಕಿ ಬೇರೆ. ಎರಡಕ್ಕೂ ಜಾಗ ಸಿಗುತ್ತದೆ. ಹಾಕಿದ ಸಗಣಿ, ಹೊಯ್ದ ಗಂಜಲ ಅಲ್ಲಲ್ಲೇ ಗೊಬ್ಬರವಾಗುತ್ತದೆ. ತುಪ್ಪಳಕ್ಕೆ ಅಂಟಿದ ಬೀಜ ಮೈಲಿಗಟ್ಟಲೆ ಹೋಗುತ್ತದೆ. ಅಪ್ಪನಿಗೆ ಇದನ್ನು ವಿವರಿಸುವ ಕೆಲಸವೇ ಇರಲಿಲ್ಲ. "ಕಾವಲಿಂದ ಮನೆಗೆ ಬಂದ್ರೆ ಪಂಚೆ ತುಂಬ ಹುಲ್ಲಿನ ಮುಳ್ಳು ಇರ್ತಿತ್ತಲ್ಲ, ನಿಮ್ಮಜ್ಜಿ ಕೂತು ಕೀಳೋರು" ಅಂದರು.

ಅಷ್ಟರಲ್ಲಿ ಕೆಳಗೆ ಒಂದು ಹೋರಿ ಹಿಂಡಿನಿಂದ ಬೇರೆಯಾಗಿ ಒಂದು ತಗ್ಗಿನ ಹತ್ತಿರ ಬಂತು. ನಾವು ನೂರು ಗಜಕ್ಕಿಂತ ಜಾಸ್ತಿ ದೂರದಲ್ಲಿದ್ದೆವು. ಅಷ್ಟು ದೂರ ಇರಲೇಬೇಕು, ಅದಕ್ಕೆ ಸಿಟ್ಟು ಬಂದರೆ ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹೋರಿ ಮುಂಗಾಲಲ್ಲಿ ನೆಲ ಕೆರೆಯಿತು. ಮಂಡಿ ಊರಿತು. ಆಮೇಲೆ ಆ ದೊಡ್ಡ ಮೈ ಧೊಪ್ಪನೆ ಬಿತ್ತು. ನಾಲ್ಕೂ ಕಾಲು ಮೇಲೆ. ಬೆನ್ನು ತಿಕ್ಕುತ್ತಾ ಹೊರಳಿತು. ಗೂನು ಅಡ್ಡ ಬರುವುದರಿಂದ ಪೂರ್ತಿ ಮಗುಚಲು ಆಗುವುದಿಲ್ಲ. ಎದ್ದು ಇನ್ನೊಂದು ಮಗ್ಗುಲಿಗೆ ಬಿತ್ತು. ಧೂಳು ಗುಡ್ಡದ ಮೇಲಿನವರೆಗೂ ಎದ್ದಿತು. ಎದ್ದು ನಿಂತು ಒಂದು ಸಲ ಮೈ ಕೊಡವಿತು ನೋಡಿ, ಕಂಬಳಿ ಒದರಿದ ಹಾಗೆ ಸದ್ದು.

ಹೀಗೆ ಹೊರಳಿ ಹೊರಳಿ ಆದ ತಗ್ಗು ವರ್ಷಗಟ್ಟಲೆ ಉಳಿಯುತ್ತದೆ. ನೆಲ ಗಟ್ಟಿಯಾಗಿ ಮಳೆ ಬಂದಾಗ ನೀರು ನಿಲ್ಲುತ್ತದೆ. ವಸಂತದಲ್ಲಿ ಅದು ಒಂದು ಪುಟ್ಟ ಹೊಂಡ. ಅಲ್ಲಿ ಕಪ್ಪೆ ಮೊಟ್ಟೆಯಿಡುತ್ತದೆ. ಬೇಸಗೆಯಲ್ಲಿ ಒಣಗಿದಾಗ ಆ ಅಂಚಿನಲ್ಲಿ ಬೇರೆ ಎಲ್ಲೂ ಕಾಣದ ಗಿಡಗಳು ಬರುತ್ತವೆ. ಬೈಸನ್ ಹೋಗಿ ನೂರೈವತ್ತು ವರ್ಷವಾದ ಕಡೆಯೂ, ಉಳುಮೆ ಆಗದ ನೆಲದಲ್ಲಿ, ಈ ತಗ್ಗುಗಳ ಗುರುತು ಇನ್ನೂ ಇದೆ. ಸಾಕಿದ ದನ ಇದನ್ನು ಮಾಡುವುದಿಲ್ಲ.

ಬೆಂಕಿಯ ಮಾತು ಬಿಟ್ಟರೆ ಕಥೆ ಅರ್ಧವಾಗುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಫ್ಲಿಂಟ್ ಹಿಲ್ಸ್‌ನಲ್ಲಿ ಹುಲ್ಲು ಸುಡುವ ಕಾಲ. ರಾತ್ರಿ ಹೆದ್ದಾರಿಯಲ್ಲಿ ಬರುತ್ತಿದ್ದರೆ ಗುಡ್ಡಗಳ ಅಂಚಿನಲ್ಲಿ ಕೆಂಪು ಗೆರೆ ತೆವಳುವುದು ಕಾಣುತ್ತದೆ. ಕಾವ್, ಒಸೇಜ್‌ನಂಥ ಇಲ್ಲಿನ ಮೂಲನಿವಾಸಿ ಜನ ಹಿಂದೆ ಇದನ್ನೇ ಮಾಡುತ್ತಿದ್ದರು. ಸುಟ್ಟ ಕಡೆ ಹತ್ತು ಹದಿನೈದು ದಿನದಲ್ಲಿ ಎಳೆ ಹಸಿರು. ಬೈಸನ್ ಅಲ್ಲಿಗೆ ಬಂದು ಮೇಯುತ್ತದೆ. ಅಲ್ಲಿ ಮೇಯುತ್ತಿರುವಾಗ ಸುಡದ ಕಡೆ ಹುಲ್ಲು ಬೆಳೆದು ಒಣಗುತ್ತದೆ. ಮುಂದಿನ ಸಲ ಬೆಂಕಿ ಆ ಕಡೆಗೆ. ಮೇದ ಕಡೆ ಹೊತ್ತಲು ಏನೂ ಉಳಿದಿರುವುದಿಲ್ಲ. ಬೆಂಕಿ ಬೈಸನ್ನನ್ನು ಕರೆಯುತ್ತದೆ, ಬೈಸನ್ ಬೆಂಕಿಗೆ ದಾರಿ ತೋರಿಸುತ್ತದೆ. ಓಕ್ಲಹೋಮಾದ ಒಸೇಜ್ ಕೌಂಟಿಯಲ್ಲಿ 1993ರಲ್ಲಿ 300 ಬೈಸನ್ ಬಿಟ್ಟರು. ಈಗ ಎರಡು ಸಾವಿರಕ್ಕೂ ಮೇಲಿವೆ. ಅಲ್ಲಿ ಪ್ರತಿ ವರ್ಷ ಒಂದಷ್ಟು ಒಂದಷ್ಟು ಭಾಗ ಸುಟ್ಟು, ಎಲ್ಲಿ ಮೇಯಬೇಕು ಅನ್ನುವುದನ್ನು ಬೈಸನ್‌ಗೇ ಬಿಟ್ಟಿದ್ದಾರೆ. ಇದು ನನಗೆ ಬಹಳ ಇಷ್ಟವಾಗುವ ವಿಷಯ.

ಅಪ್ಪ ಬಗ್ಗಿ ಒಂದು ಹುಲ್ಲಿನ ಬುಡ ಬಿಡಿಸಿ ನೋಡಿದರು. ಕಪ್ಪು ಬೂದಿ ಇನ್ನೂ ಇತ್ತು.

"ಬೆಂಕಿ ಹಾಕಿದಾರಾ?"

"ಹೂಂ, ಮಾರ್ಚ್‌ನಲ್ಲಿ."

"ನಮ್ಮಲ್ಲೂ ಹಾಕ್ತಿದ್ರು. ಆಮೇಲೆ ಬೇಡ ಅಂದ್ರು." ಸ್ವಲ್ಪ ಹೊತ್ತು ಬಿಟ್ಟು ಅಂದರು, "ಮೇಯೋ ಬಾಯಿ ಇಲ್ದಿದ್ರೆ ಹುಲ್ಲು ಕೊಬ್ತದೆ. ಕೊಬ್ಬಿದ್ದು ಕೊಳೀತದೆ. ಆಮೇಲೆ ಅಲ್ಲಿ ಮುಳ್ಳು ಬರ್ತದೆ."

ಮೂವತ್ತು ವರ್ಷ ಗಿಡ ಎಣಿಸಿದವರು ಹೇಳಿದ್ದೂ ಇದನ್ನೇ.

ನಮ್ಮ ಭಾಷೆಯಲ್ಲಿ ಹುಲ್ಲುಗಾವಲು ಅಂತೀವಿ. ಹುಲ್ಲಿನ ಕಾವಲು. ಯಾರಿಗೋಸ್ಕರ ಕಾಯುವುದು? ಮೇಯುವವರಿಗೋಸ್ಕರ. ಆ ಮಾತಿನಲ್ಲೇ ಪ್ರಾಣಿ ಸೇರಿಕೊಂಡಿದೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ, ಅಂದರೆ ಅರಮನೆಯ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ದನಗಳಿಗಾಗಿ ಚಿಕ್ಕಮಗಳೂರು, ಹಾಸನ, ತುಮಕೂರು, ಚಿತ್ರದುರ್ಗದ ಕಡೆ ಲಕ್ಷಾಂತರ ಎಕರೆ ಕಾವಲು ಬಿಟ್ಟಿದ್ದರು. ಬೇಸಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು. ದನ ಋತುವಿನ ಜೊತೆ ನಡೆಯುತ್ತಿತ್ತು. ಹುಲ್ಲಿಗೆ ಉಸಿರಾಡಲು ಹೊತ್ತು ಸಿಗುತ್ತಿತ್ತು. ಆಳದಲ್ಲಿ ಇದು ಬೈಸನ್ ಮಾಡುತ್ತಿದ್ದ ಕೆಲಸವೇ.

ಈಗ ಆ ಕಾವಲುಗಳು ಏನಾಗಿವೆ ಅಂತ ಎಲ್ಲರಿಗೂ ಗೊತ್ತು. ಪಾಳು ಭೂಮಿ ಅಂತ ಬರೆದುಕೊಂಡರು. ಮರ ಇಲ್ಲದ ನೆಲ ಅಂದರೆ ಕೆಟ್ಟ ನೆಲ ಅನ್ನುವ ನಂಬಿಕೆ. ಕೆಲವು ಕಡೆ ನೀಲಗಿರಿ ನೆಟ್ಟರು, ಕೆಲವು ಕಡೆ ಬಳ್ಳಾರಿ ಜಾಲಿ ತಾನಾಗಿ ನುಗ್ಗಿತು. ಕೆಲವು ಕಟ್ಟಡಗಳ ಪಾಲಾದವು. ಅಪ್ಪ ದನ ಕಾಯುತ್ತಿದ್ದ ಕಾವಲಿನ ಒಂದು ಮೂಲೆ ಈಗ ಪೂರ್ತಿ ಜಾಲಿ. ಒಳಗೆ ಮನುಷ್ಯ ನುಗ್ಗಲಾಗುವುದಿಲ್ಲ. ಕಡೂರಿನ ಹತ್ತಿರ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಅಲ್ಲಿ ಇನ್ನೂ ಕೃಷ್ಣಮೃಗ ಇದೆ, ತೋಳ ಇದೆ. ನಾನು ಊರಿಗೆ ಹೋದಾಗ ಒಮ್ಮೆ ಬೆಳಿಗ್ಗೆ ಅಲ್ಲಿ ನಿಂತು ನೋಡಿದ್ದೇನೆ. ಒಣಗಿದ ಕರಡದ ಮೇಲೆ ಗಂಡು ಕೃಷ್ಣಮೃಗ ಒಂದೇ ನೆಗೆತಕ್ಕೆ ಆಳೆತ್ತರ ಹಾರಿತ್ತು. ನಮಗೆ ಬೈಸನ್ ಬೇಡ. ಅಲ್ಲಿಯ ಹುಲ್ಲಿಗೆ ಅಲ್ಲಿಯ ಬಾಯಿಗಳಿವೆ.

ಭಾರತದಲ್ಲೂ ಒಂದು ಸಲ ಕಾಟಿಗಳನ್ನು ಹೀಗೆ ಸಾಗಿಸಿದ್ದಾರೆ. ಮಧ್ಯಪ್ರದೇಶದ ಬಾಂಧವಗಢದಲ್ಲಿ 1990ರ ದಶಕದ ಕೊನೆಗೆ ಕಾಟಿ ಇಲ್ಲವಾಯಿತು. 2011ರ ಜನವರಿಯಲ್ಲಿ ಕಾನ್ಹಾದಿಂದ 19 ಕಾಟಿಗಳನ್ನು ಅರಿವಳಿಕೆ ಕೊಟ್ಟು ಹಿಡಿದು ಲಾರಿಯಲ್ಲಿ ತಂದರು. ಮರುವರ್ಷ ಇನ್ನಷ್ಟು ಸೇರಿ 50 ಆದವು. ಅವು ಅಲ್ಲಿ ನೆಲೆ ನಿಂತವು. ಅಷ್ಟು ದೊಡ್ಡ ಪ್ರಾಣಿಯನ್ನು ಹಾಗೆ ಸಾಗಿಸಬಹುದು ಅಂತ ಆಗ ನಮ್ಮಲ್ಲಿ ಎಷ್ಟು ಜನ ನಂಬಿದ್ದರು?

ಇಲ್ಲಿ ಎಲ್ಲ ಸರಿಯಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅಪ್ಪ ಸಂಜೆ ಕಾರಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಅದು. "ಬೇಲಿ ಯಾಕೆ?"

ಬೇಲಿ ಇದೆ. ಬೈಸನ್ ನೂರಾರು ಮೈಲಿ ನಡೆಯುತ್ತಿದ್ದ ಪ್ರಾಣಿ. ಈ ಪ್ರಿಸರ್ವ್ ಇಡೀ ಸೇರಿ 11,000 ಎಕರೆಯಷ್ಟು, ಅದರಲ್ಲಿ ಬೈಸನ್‌ಗೆ ಸಿಕ್ಕಿರುವುದು ಒಂದು ಪಾಲು. ಸಂಖ್ಯೆ ಜಾಸ್ತಿಯಾದರೆ ಹುಲ್ಲು ಸಾಲದು. ಆದ್ದರಿಂದ ಆಗಾಗ ಒಟ್ಟುಗೂಡಿಸಿ ಕೆಲವನ್ನು ಬೇರೆ ಕಡೆಗೆ ಕಳಿಸುತ್ತಾರೆ. ಅವನ್ನು ತಿನ್ನಲು ತೋಳ ಇಲ್ಲಿಲ್ಲ. ಇಡೀ ಉತ್ತರ ಅಮೆರಿಕದಲ್ಲಿ ಸಂರಕ್ಷಣೆಗೆ ಅಂತ ಇರುವ ಬಯಲಿನ ಬೈಸನ್ ಸುಮಾರು 20,000. ಮಾಂಸಕ್ಕಾಗಿ ಸಾಕಿರುವುದು ಸುಮಾರು 4 ಲಕ್ಷ. ಕಾಡುಪ್ರಾಣಿ ಅನ್ನುವ ಮಾತನ್ನು ನಾನು ತುಂಬ ಎಚ್ಚರದಿಂದ ಬಳಸುತ್ತೇನೆ.

ಸುತ್ತಲಿನ ದನಗಾರರ ಆತಂಕವೂ ಸುಮ್ನೆ ಬಂದದ್ದಲ್ಲ. ಮೊಂಟಾನಾದಲ್ಲಿ ದೊಡ್ಡ ಜಗಳವೇ ನಡೆದಿದೆ. ಯೆಲ್ಲೋಸ್ಟೋನ್‌ನ ಬೈಸನ್‌ಗಳಲ್ಲಿ ಕಂದು ಹಾಕುವ ರೋಗ, ಬ್ರುಸೆಲ್ಲೋಸಿಸ್ ಇದೆ. ಚಳಿಗಾಲದಲ್ಲಿ ಅವು ಉದ್ಯಾನದ ಗಡಿ ದಾಟಿ ಕೆಳಗಿಳಿದರೆ ದನಕ್ಕೆ ತಗಲುತ್ತದೆ ಅಂತ ಭಯ. ಆ ಕಾರಣಕ್ಕೆ ಕೆಲವು ಚಳಿಗಾಲಗಳಲ್ಲಿ ಸಾವಿರಕ್ಕೂ ಮೇಲೆ ಬೈಸನ್‌ಗಳನ್ನು ಕೊಂದಿದ್ದಾರೆ. ಆದರೆ ಆ ರೋಗ ಬೈಸನ್‌ಗೆ ಬಂದದ್ದೇ ಯುರೋಪಿನಿಂದ ತಂದ ದನದಿಂದ. ಇದನ್ನು ಹೇಳಿದಾಗ ಅಪ್ಪನಿಗೆ ದನಗಳ ದೊಡ್ಡ ರೋಗ, ಅಂದರೆ ರಿಂಡರ್‌ಪೆಸ್ಟ್, ನೆನಪಾಯಿತು. 1968ರಲ್ಲಿ ಬಂಡೀಪುರ, ಮುದುಮಲೈ ಕಡೆ ದೊಡ್ಡ ರೋಗ ಬಂದು ಕಾಟಿಗಳು ರಾಶಿ ರಾಶಿಯಾಗಿ ಸತ್ತವು. ಅದೂ ಊರ ದನದಿಂದ ಕಾಡಿಗೆ ಹೋದ ರೋಗವೇ. ದನಗಾರರ ಮೇಲೆ ನನಗೆ ಸಿಟ್ಟಿಲ್ಲ. ಫ್ಲಿಂಟ್ ಹಿಲ್ಸ್‌ನಲ್ಲಿ ಹುಲ್ಲು ಇಷ್ಟಾದರೂ ಉಳಿದಿದ್ದರೆ, ಕಲ್ಲಿನ ಜೊತೆ ಅವರೂ ಕಾರಣ. ಉಳದೆ ಮೇಯಿಸಿದರು, ಬೆಂಕಿಯ ಪದ್ಧತಿ ಬಿಡಲಿಲ್ಲ. ಬೈಸನ್ ಬರಲಿ ಅನ್ನುವವರು ಮೊದಲು ಅವರ ಜೊತೆ ಕೂತು ಮಾತಾಡಬೇಕು.

ಅದಕ್ಕಿಂತ ದೊಡ್ಡ ಬಾಕಿ ಇನ್ನೊಂದಿದೆ. ಈ ರಾಜ್ಯಕ್ಕೆ ಹೆಸರು ಕೊಟ್ಟದ್ದೇ ಕಾನ್ಸಾ ಅಥವಾ ಕಾವ್ ಜನ. ಇಲ್ಲಿಂದ ಸ್ವಲ್ಪ ಉತ್ತರಕ್ಕೆ, ಕೌನ್ಸಿಲ್ ಗ್ರೋವ್ ಹತ್ತಿರ ಅವರ ಕೊನೆಯ ಊರುಗಳಿದ್ದವು. 1873ರಲ್ಲಿ ಅವರನ್ನು ಓಕ್ಲಹೋಮಾಕ್ಕೆ ಎಬ್ಬಿಸಿ ಕಳಿಸಿದರು. ಹುಲ್ಲು ಉಳಿಯಿತು, ಬೈಸನ್ ಬಂತು, ಆ ಜನ? ಮೊಂಟಾನಾದಲ್ಲಿ ಒಂದು ಕಡೆ ಸ್ವಲ್ಪ ನ್ಯಾಯ ಆಗಿದೆ. ಸೇಲಿಶ್ ಮತ್ತು ಕೂಟೆನೈ ಜನರ ನೆಲದ ನಟ್ಟನಡುವೆ 1908ರಲ್ಲಿ ಅವರ ಒಪ್ಪಿಗೆಯಿಲ್ಲದೆ ಬೈಸನ್ ರೇಂಜ್ ಮಾಡಿದರು. ಅಲ್ಲಿ ಬಿಟ್ಟ ಬೈಸನ್‌ಗಳ ಮೂಲ ಆ ಜನರೇ ಕೆಲವು ಕರುಗಳನ್ನು ಉಳಿಸಿ ಬೆಳೆಸಿದ ಹಿಂಡು. 2020ರ ಡಿಸೆಂಬರಿನಲ್ಲಿ ಕಾನೂನು ಮಾಡಿ ಆ ನೆಲವನ್ನು ಅವರಿಗೇ ವಾಪಸ್ ಕೊಟ್ಟರು. ಈಗ ಅಲ್ಲಿ ಹಿಂಡು ನೋಡಿಕೊಳ್ಳುವವರು ಅವರೇ.

ಇನ್ನೊಂದು, ಕಯೋವಾ ಅನ್ನುವ ಬಯಲಿನ ಮೂಲನಿವಾಸಿಗಳ ಕಥೆ. ಓಕ್ಲಹೋಮಾದ ನೈಋತ್ಯದಲ್ಲಿ ವಿಚಿಟಾ ಬೆಟ್ಟಗಳಿವೆ, ಅದರಲ್ಲಿ ಮೌಂಟ್ ಸ್ಕಾಟ್ ಅನ್ನುವ ಬೆಟ್ಟ. ಬೈಸನ್ ಮುಗಿಯುತ್ತಾ ಬಂದಾಗ ಒಬ್ಬ ಕಯೋವಾ ಹೆಣ್ಣುಮಗಳು ನಸುಕಿನ ಮಂಜಿನಲ್ಲಿ ಕೊನೆಯ ಹಿಂಡು ನಡೆದು ಬರುವುದನ್ನು ಕಂಡಳಂತೆ. ಬೆಟ್ಟದ ಮುಖ ತೆರೆಯಿತು. ಒಳಗೆ ಹಸಿರು, ಹೊಸ ನೀರು. ಹಿಂಡು ಒಳಗೆ ಹೋಯಿತು, ಬೆಟ್ಟ ಮುಚ್ಚಿಕೊಂಡಿತು. 1907ರ ಅಕ್ಟೋಬರಿನಲ್ಲಿ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್ ರೈಲಿನಲ್ಲಿ ಒಂದು ವಾರ ಪ್ರಯಾಣ ಮಾಡಿ ಬಂದು ಇಳಿದದ್ದು ಇದೇ ಬೆಟ್ಟಗಳ ಬುಡದಲ್ಲಿ, ಕ್ಯಾಶ್ ಅನ್ನುವ ಸ್ಟೇಷನ್ನಿನಲ್ಲಿ. ಕೊಮಾಂಚೆ ಮುಖಂಡ ಕ್ವಾನಾ ಪಾರ್ಕರ್ ಮತ್ತು ಅವರ ಜನ ನೋಡಲು ಬಂದಿದ್ದರು. ಹಿರಿಯರು ಕಿರಿಯರಿಗೆ ಬೆರಳು ಮಾಡಿ ತೋರಿಸಿದರಂತೆ. ಆ ಮಕ್ಕಳು ಅಲ್ಲಿಯವರೆಗೆ ಬೈಸನ್ನನ್ನು ಕಂಡೇ ಇರಲಿಲ್ಲ. ನಾನು ಆ ಬೆಟ್ಟ ಹತ್ತಿದ್ದೇನೆ. ಮೇಲಿನಿಂದ ನೋಡಿದರೆ ಈಗ ಹಿಂಡು ಕಾಣುತ್ತದೆ. ಅವತ್ತು ಕಣ್ಣು ಒದ್ದೆಯಾಗಿದ್ದನ್ನು ಇಲ್ಲಿ ಬರೆಯಲು ನನಗೆ ಸಂಕೋಚವಿಲ್ಲ.

ಅಪ್ಪ ಕೂದಲನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. ಇಲ್ಲಿಂದ ಏನನ್ನೂ ತಗೊಂಡು ಹೋಗುವ ಹಾಗಿಲ್ಲ ಅಂದೆ. ಹಕ್ಕಿಗಳು ಇದನ್ನು ಗೂಡಿಗೆ ಹಾಸುತ್ತವೆ ಅಂದೆ. ಅವರು ಮತ್ತೊಂದು ಸಲ ಮೂಸಿ ನೋಡಿ, ಅದೇ ತಂತಿಯ ಅದೇ ಮುಳ್ಳಿಗೆ, ಗಾಳಿಗೆ ಹಾರಿಹೋಗದ ಹಾಗೆ ಎರಡು ಸುತ್ತು ಸುತ್ತಿದರು.

ಈ ವರ್ಷ ಏಪ್ರಿಲ್ ಮೊದಲ ವಾರ ಆ ಗುಡ್ಡಕ್ಕೆ ಬೆಂಕಿ ಹಾಕಿದರು. ನಾನು ರಸ್ತೆ ಬದಿ ನಿಂತು ವಿಡಿಯೋ ಮಾಡಿ ಅಪ್ಪನಿಗೆ ಕಳಿಸಿದೆ. ಅಲ್ಲಿ ಬೆಳಗಿನ ಹೊತ್ತು. ಎರಡೇ ನಿಮಿಷಕ್ಕೆ ಫೋನ್ ಬಂತು.

"ಗಾಳಿ ಯಾವ ಕಡೆಯಿಂದ?"

"ದಕ್ಷಿಣದಿಂದ."

"ಸರಿ ಹಾಕಿದಾರೆ. ಹತ್ತು ದಿನ ಬಿಟ್ಟು ಹೋಗು. ಚಿಗುರು ಎಷ್ಟುದ್ದ ಬಂದಿದೆ ನೋಡು. ಕರು ಎಷ್ಟಾಗಿದಾವೆ ಎಣಿಸಿಕೊಂಡು ಬಾ."

ಹನ್ನೆರಡನೇ ದಿನ ಹೋದೆ. ಚಿಗುರು ನಾಲ್ಕು ಬೆರಳು ಬಂದಿತ್ತು. ಕರು ಒಂಬತ್ತರವರೆಗೆ ಎಣಿಸಿದೆ, ಅಷ್ಟರಲ್ಲಿ ಹಿಂಡು ಗುಡ್ಡದ ಆಚೆಗೆ ಇಳಿಯಿತು.